ಬೆರಳಿಗೂ ದನಿಗೂ ನಡುವೆ

ಆ ಮುಂಜಾನೆ ಸವಡಿಯಲ್ಲಿ ಗಾಳಿ ಸತ್ತಂತೆ ಬಿದ್ದಿತ್ತು. ಶಿವರಾತ್ರಿ ಮುಗಿದು ಚಳಿ ಶಿವಶಿವಾ ಎಂದು ಹೊರಟುಹೋದ ಮೇಲೆ ಕರಿಮಣ್ಣಿನ ಸೀಮೆಯಲ್ಲಿ ಇಂಥ ಕೆಲವು ದಿನ ಬರುತ್ತವೆ. ಹೊತ್ತು ಹುಟ್ಟುವ ಮೊದಲೇ ನೆಲ ಬೆಚ್ಚಗಿರುತ್ತದೆ, ಬೇವಿನ ಎಲೆಯೊಂದೂ ಸಪ್ಪಳ ಮಾಡುವುದಿಲ್ಲ, ಒಲೆಯ ಹೊಗೆ ಮೇಲೇರಲು ಮನಸ್ಸಿಲ್ಲದೆ ರೊಟ್ಟಿ ಬಡಿಯುವವರ ಮುಖದ ಮುಂದೆಯೇ ಕೂತುಬಿಡುತ್ತದೆ. ಕಳಕವ್ವನಿಗೆ ಹೊಗೆ ಕಾಣುತ್ತಿರಲಿಲ್ಲ. ಗಂಟಲಿಗೆ ಗೊತ್ತಾಗುತ್ತಿತ್ತು.

ಕೂಸಿದ್ದಾಗ ದಡಾರ ಬಂದು ಅವಳ ಎರಡೂ ಕಣ್ಣು ತೆಗೆದುಕೊಂಡು ಹೋಗಿತ್ತು. ಜೀವ ಉಳಿಸಿದ ಗಜೇಂದ್ರಗಡದ ಗುಡ್ಡದ ದೇವರಿಗೆ ಮುಡಿಪು ಕಟ್ಟಿ, ಅವನ ಹೆಸರನ್ನೇ ಮಗಳಿಗೆ ಇಟ್ಟು, ತಾಯಿ ಒಂದೇ ಒಂದು ವಿದ್ಯೆ ಕಲಿಸಿ ಹೋದಳು: ರೊಟ್ಟಿ ಬಡಿಯುವುದು. ರೊಟ್ಟಿಗೆ ಕಣ್ಣು ಬೇಕಿಲ್ಲ. ಅಂಚು ತೆಳ್ಳಗಾದಂತೆ ಬಡಿತದ ಸಪ್ಪಳ ಬದಲಾಗುತ್ತದೆ, ಬೆಂದಾಗ ವಾಸನೆ ಬದಲಾಗುತ್ತದೆ. ಆ ಒಂದು ವಿದ್ಯೆಯ ಮೇಲೆ ಕಳಕವ್ವ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿದಳು, ಸಾಲಾಗಿ ಒಲೆ ಹೂಡಿದಳು, ಓಣಿಯ ಹೆಣ್ಣುಮಕ್ಕಳನ್ನು ಕೂರಿಸಿದಳು. ಈಗ ರೋಣ, ನರಗುಂದ, ಗಜೇಂದ್ರಗಡದ ಖಾನಾವಳಿಗಳಿಗೂ ಮದುವೆಮನೆಗಳಿಗೂ ಅವಳ ಗರಿಗರಿಯಾದ ಕಟಿರೊಟ್ಟಿ ಹೋಗುತ್ತಿತ್ತು. ರೊಟ್ಟಿ ಮುಟ್ಟಿಸುವವನು ತಮ್ಮ ಸಂಗನಬಸವ. ಆರ್ಡರು ಹಿಡಿಯುವವಳು ಅವಳೇ, ತನ್ನ ಫೋನಿನಲ್ಲಿ.

ಆ ಫೋನೇ ಈಗ ಒಲೆಯ ಪಕ್ಕದ ಮಣೆಯ ಮೇಲೆ ರಿಂಗಾಯಿತು. ಕಳಕವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿ ಬೆರಳಿಟ್ಟಳು. ಪರದೆಯ ಮೇಲಿನದನ್ನು ಓದಿ ಹೇಳುವ ಒಳಗಿನ ಹೆಣ್ಣುದನಿ, ಕರೆದವರು ಯಾರೆಂದು ಹೇಳಬೇಕಿತ್ತು. ಹೇಳಲಿಲ್ಲ. ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ದನಿ “ಖಾಜಾ,” ಎಂದಿತು, ನಿಂತಿತು, ಉಗುಳು ನುಂಗಿದಂತೆ ಮಾಡಿ “ಸಾಬ ನರಗುಂದ” ಎಂದಿತು. ಅವಳು ಕರೆ ಎತ್ತಲು ಪರದೆ ತಟ್ಟಿದಳು. ತಟ್ಟಿದ್ದು ಒಳಗೆ ಮುಟ್ಟುವಷ್ಟರಲ್ಲಿ ಕರೆ ಕಡಿಯಿತು. ಮತ್ತೆ ಬಂತು, ಮತ್ತೆ ಹಾಗೇ ಆಯಿತು.

ಅವಳೇ ತಿರುಗಿ ಹಚ್ಚಿದಾಗ ನರಗುಂದದ ಅಡುಗೆ ಗುತ್ತಿಗೆಯ ಖಾಜಾಸಾಬ ಬೇಸರದಲ್ಲಿದ್ದ.

“ಎಷ್ಟ ಸಲ ಹಚ್ಚೂದವಾ? ಇದು ಇವತ್ತಿಂದಲ್ಲ, ಹೋದ ವಾರನೂ ಹಿಂಗ. ಮದವಿ ಮಂದಿ ನನ್ನ ತಲಿಮ್ಯಾಲೆ ಕುಂತಾರ. ನರೇಗಲ್ಲಿನವರಿಗೆ ರೊಟ್ಟಿ ಹೇಳಿಬಿಟ್ಟೆ.”

“ಹೇಳೇಬಿಟ್ರಾ?”

“ಮತ್ತೇನ್ ಮಾಡ್ಲಿ? ನಿನ್ನ ರೊಟ್ಟಿಗೆ ಹೆಸರಿಡಂಗಿಲ್ಲ. ಆದ್ರ ಫೋನಿಂದು ಸಂಗಣ್ಣಗ ವಹಿಸಿಬಿಡು. ನಿನಗ್ಯಾಕ ಈ ತ್ರಾಸು?”

ಕಳಕವ್ವ ಫೋನು ಮಣೆಯ ಮೇಲಿಟ್ಟಳು. ಅದು ಬಿಸಿಯಾಗಿತ್ತು, ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ.

“ಮತ್ತ ಕಾದೈತೇನ?” ಎಂದಳು ಪಕ್ಕದ ಒಲೆಯ ಮುಮತಾಜಬಿ. ಶೆಡ್ಡು ಹಾಕಿದ ದಿನದಿಂದ ಅವಳು ಕಳಕವ್ವನ ಬಲಗಡೆಯೇ ಕೂತವಳು. “ತಾ ಇಲ್ಲಿ, ಒದ್ದಿ ಅರಬಿ ಸುತ್ತಿ ಕೊಡದ ಮ್ಯಾಲೆ ಇಡ್ತೀನಿ. ನಿನ್ನೆ ಇಟ್ಟಾಗ ಎಷ್ಟ ಚಲೋ ಆಗಿತ್ತು.”

“ನಿನ್ನೆ ಇಟ್ಟ ಮ್ಯಾಲೆ ಆಕಿ ದನಿಗೆ ನೆಗಡಿ ಆಗೈತಿ.”

“ಹಂಗರ ಸಂಗಣ್ಣಗ ಕೊಟ್ಟುಬಿಡು. ಅವನೂ ಅದ ಅಂತಿದ್ದ ಮೊನ್ನೆ. ಅಕ್ಕಗ ಸುಮ್ಮನ ತ್ರಾಸ, ಫೋನಿಂದು ನಾನ ನೋಡ್ಕೋತೀನಿ ಅಂತ.”

ಒಲೆಗಳ ಸಾಲಿನಲ್ಲಿ ಬಡಿತ ಒಂದು ಕ್ಷಣ ಸಣ್ಣಗಾಯಿತು. ಎಲ್ಲರೂ ಕೇಳಿಸಿಕೊಂಡರು, ಎಲ್ಲರಿಗೂ ಈ ಮಾತು ಮೊದಲೇ ಗೊತ್ತಿತ್ತು. ಅದು ಕಳಕವ್ವನಿಗೆ ತಿಳಿಯಲು ಕಣ್ಣೇನೂ ಬೇಕಾಗಲಿಲ್ಲ.

“ಇವತ್ತ ಫೋನು,” ಎಂದಳು ಅವಳು. “ನಾಳಿ ಗಿರಾಕಿ ಕೂಡ ಮಾತು. ನಾಡದು ಒಲಿ. ಆಮ್ಯಾಲೆ ನನ್ನ ಮೂಲ್ಯಾಗ ಕುಂದರಿಸಿ, ಕೈಯಾಗ ಜಪಮಣಿ ಕೊಟ್ಟು, ಪಾಪ ಕಳಕವ್ವ ಅಂತ ಹೊತ್ತಿಗೊಮ್ಮೆ ತಾಟು ನೀಡ್ತೀರಿ. ನನ್ನ ರೊಟ್ಟೀನ ನನಗ ನೀಡ್ತೀರಿ.”

ಅವಳು ಎದ್ದು ಕೈ ತೊಳೆದಳು. “ಮುಮತಾಜ, ಸೀರಿ ಸರಿಮಾಡ್ಕೊ. ರೋಣಕ್ಕ ಹೋಗೂಣು.”

ದೇವರು ಮನುಷ್ಯರಿಗೆಲ್ಲ ಒಂದೊಂದು ಅಳತೆ ಕೊಟ್ಟಿರುತ್ತಾನೆ. ಕಳಕವ್ವನ ಅಳತೆ ಪಂಚಾಕ್ಷರಿ. ಅವಳ ಮೊದಲ ಟಚ್ ಫೋನಿನಲ್ಲಿ ಬೆರಳಿಟ್ಟ ಮೇಲೆ, ಬೆರಳ ಕೆಳಗೆ ಏನಿದೆ ಎಂದು ದನಿ ಓದಿ ಹೇಳುವಷ್ಟರಲ್ಲಿ, ಓಂ ನಮಃ ಶಿವಾಯ ಎಂದು ನಿಧಾನಕ್ಕೆ ಒಂದು ಸಲ ಹೇಳಿ ಮುಗಿಸಬಹುದಿತ್ತು. ಅವಳಿಗೆ ಅದೇ ಸೋಜಿಗವಾಗಿತ್ತು. ಕಲ್ಲಿನಂಥ ಗಾಜು ಮಾತಾಡುತ್ತದಲ್ಲ, ತಡವಾದರೇನು ಎಂದು ಕಾಯುತ್ತಿದ್ದಳು. ಅದು ಕೆಟ್ಟ ಮೇಲೆ ಬಂದ ಎರಡನೆಯದರಲ್ಲಿ ಓಂ ನಮಃ ಎನ್ನುವಷ್ಟರಲ್ಲಿ ದನಿ ಬರುತ್ತಿತ್ತು. ಹೋದ ಮಹಾನವಮಿಗೆ ರೊಟ್ಟಿಯ ದುಡಿಮೆಯಿಂದ ಕೊಂಡ ಮೂರನೆಯದರಲ್ಲಿ, ಓಂ ಎನ್ನಲು ತುಟಿ ತೆರೆಯುವ ಮೊದಲೇ ದನಿ ಬಂದುಬಿಟ್ಟಿತು. ಬೆರಳಿಗೂ ದನಿಗೂ ನಡುವೆ ಏನೂ ಇರಲಿಲ್ಲ. ಅಂಗಡಿಯಲ್ಲೇ ಅವಳು ಗಟ್ಟಿಯಾಗಿ ನಕ್ಕಿದ್ದಳು.

ರೋಣದ ಬಸ್‌ಸ್ಟ್ಯಾಂಡಿನ ಎದುರು ಫೋನು ಮಾರುವ, ರಿಪೇರಿ ಮಾಡುವ ಆ ಅಂಗಡಿ ಇಷ್ರತಳದು. ಗಂಡ ಹುಬ್ಬಳ್ಳಿಯಿಂದ ಮಾಲು ತರುತ್ತಿದ್ದ, ಬಿಚ್ಚಿ ಜೋಡಿಸುವುದೆಲ್ಲ ಅವಳ ಕೆಲಸ. ಅವತ್ತು ಕಳಕವ್ವ ಕೇಳಿದ್ದಳು, “ಒಳಗ ಏನ್ ಬದ್ಲಿ ಆಗೈತಿ ಇಷ್ರತಾ? ಕೈಗೆ ಎಲ್ಲಾ ಅದ ಐತಿ.”

“ಪ್ರೊಸೆಸರ ಅಂತಾರಕ್ಕ. ಫೋನಿನ ತಲಿ. ನಿಮ್ಮ ಶೆಡ್ಡಿನಂಗ ತಿಳ್ಕೊರಿ. ಅದರಾಗ ಎಂಟು ಮಂದಿ ಕುಂತಾರ. ಇಬ್ಬರು ಗಟ್ಟಿಗೇರು, ಉಳಿದವರು ಸಾದಾ. ಮೆಸೇಜು, ಗಡಿಯಾರ, ಅಂಥಾ ಸಣ್ಣ ಪುಟ್ಟದ್ದು ಸಾದಾ ಮಂದಿ ನೋಡ್ಕೋತಾರ. ದೊಡ್ಡ ಆರ್ಡರ ಬಂದ್ರ ಗಟ್ಟಿಗೇರನ್ನ ಎಬ್ಬಸ್ತಾರ.”

“ಹೋದ ವರ್ಷದ್ದರಾಗ ಎಷ್ಟ ಮಂದಿ ಇದ್ರು?”

“ಎಂಟ.”

“ಮತ್ತ ಈ ವರ್ಷ ಹೆಚ್ಚಿಂದೇನು, ಬಣ್ಣಾ?”

ಇಷ್ರತ ನಕ್ಕಿದ್ದಳು. “ಮಂದಿ ಅಷ್ಟ, ಶೆಡ್ಡೂ ಅಷ್ಟ. ಒಲಿ ಸಣ್ಣು ಮಾಡ್ಯಾರ, ಒತ್ತೊತ್ತಿ ಹೂಡ್ಯಾರ. ಹಿಟ್ಟಿನ ಡಬ್ಬಿ ಎದ್ದು ತರೂವಂಗಿಲ್ಲ, ಮಗ್ಗಲದಾಗ ಇಟ್ಟಾರ. ಅದ ಕಟಗಿಯೊಳಗ ಹೆಚ್ಚು ರೊಟ್ಟಿ ಇಳೀತಾವ, ಕಾವೂ ಕಡಿಮಿ. ಕಾವು ಹೆಚ್ಚಾದ್ರ ನಿಮ್ಮ ಹೆಣ್ಮಕ್ಕಳು ಏನ್ ಮಾಡ್ತಾರ?”

“ಸೆರಗಿಲೆ ಗಾಳಿ ಹಾಕ್ಕೊಂತ ಕೈ ನಿಧಾನ ಮಾಡ್ತಾರ.”

“ಇದೂ ಹಂಗ. ಕಾದ್ರ ತಾ ಸುಟ್ಕೋಬಾರದಂತ ತಾನ ಕೈ ನಿಧಾನ ಮಾಡತೈತಿ. ಇನ್ನೊಂದು ಐತಿ. ಬಾಜೂಕ ಒಂದು ಬ್ಯಾರೆ ಒಲಿ ಹೂಡ್ಯಾರ, ಬರೇ ದನಿ ತಿಳಿಯಾಕ, ಚಿತ್ರ ಗುರುತು ಹಿಡಿಯಾಕ. ಗದ್ದಲದಾಗ ಮಾತಾಡಿದ್ರೂ ನಿಮ್ಮ ಮಾತಷ್ಟ ಹೆಕ್ಕಿ ತಗೀತೈತಿ.” ಆಮೇಲೆ ದನಿ ತಗ್ಗಿಸಿ ಹೇಳಿದ್ದಳು, “ಪ್ರತಿ ವರ್ಷಾ ಹಿಂಗ ಇರಂಗಿಲ್ಲಕ್ಕ. ಒಮ್ಮೊಮ್ಮೆ ಹಳೇ ಮಂದೀಗೆ ಹೊಸಾ ಸೀರಿ ಉಡಿಸಿ, ಹೊಸಾ ನಂಬರ ಹಚ್ಚಿ ಕಳಸ್ತಾರ. ಅಂಥಾದ್ದಿದ್ರ ನಿಮಗ ತಗೋರಿ ಅಂತಿದ್ದಿಲ್ಲ. ಈ ಸಲ ಖರೇ ಬದ್ಲಿ ಮಾಡ್ಯಾರ.”

ಖರೆಯೇ ಆಗಿತ್ತು. ಆ ಫೋನಿನಲ್ಲಿ ಕಳಕವ್ವ ಒಳಗಿನ ದನಿಯ ಓಟ ಹೆಚ್ಚಿಸಿಟ್ಟಳು. ಉಳಿದವರ ಕಿವಿಗೆ ಅದು ಗುಬ್ಬಿಯ ಗದ್ದಲ. “ನಿನ್ನ ಫೋನಿನ್ಯಾಗಿನ ಹೆಂಗಸಿಗೆ ಹೆರಿಗಿ ಬ್ಯಾನಿ ಹತ್ತೈತೇನ, ಹಂಗ್ಯಾಕ ಬಡಬಡಸ್ತಾಳ?” ಎಂದು ಮುಮತಾಜಬಿ ನಗೆಯಾಡುತ್ತಿದ್ದಳು. ಕಳಕವ್ವನಿಗೆ ಮಾತ್ರ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕಣ್ಣಿದ್ದವರು ಪರದೆಯ ಮೇಲೆ ಕಣ್ಣಾಡಿಸುವಷ್ಟೇ ಹೊತ್ತಿನಲ್ಲಿ ಅವಳ ಬೆರಳೂ ಆಡುತ್ತಿತ್ತು. ಹಿಟ್ಟಿನ ಚೀಲದ ಮುಂದೆ ಫೋನು ಹಿಡಿದರೆ ಯಾವ ಗಿರಣಿಯದೆಂದು ಓದಿ ಹೇಳುತ್ತಿತ್ತು. ಆ ಚಳಿಗಾಲವೆಲ್ಲ ಅವಳು ಯಾರನ್ನೂ “ಇದೇನು, ಇದ್ಯಾರು” ಎಂದು ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ದೊಡ್ಡ ಸುಖವೆಂದು ಕೇಳುವ ಹಣೆಬರಹ ಇಲ್ಲದವರಿಗೆ ತಿಳಿಯದು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಸಂಗನಬಸವ, “ಅಕ್ಕಾ, ಫೋನಿಗೆ ಅಪ್‌ಡೇಟ್ ಬಂದೈತಿ, ಹಾಕ್ಕೊಂಡ ಬರ್ತೀನಿ ಕೊಡು,” ಎಂದು ಒಯ್ದು ಸಂಜೆಗೆ ತಂದುಕೊಟ್ಟ. ಅವತ್ತಿನಿಂದ ಓಂ ನಮಃ ಮರಳಿ ಬಂತು. ಕೇಳಿದರೆ, “ಅಪ್‌ಡೇಟ್ ಆದ್ರ ಹಂಗಕ್ಕ, ಎಲ್ಲಾರದೂ ನಿಧಾನ ಆಗೈತಿ,” ಎಂದ. ತಮ್ಮ ಹೇಳಿದ ಮೇಲೆ ಮುಗಿಯಿತು. ಅವಳು ದನಿಯ ಓಟ ತಗ್ಗಿಸಿಕೊಂಡಳು, ತನ್ನ ಓಟವನ್ನೂ ತಗ್ಗಿಸಿಕೊಂಡಳು.

ಈಗ ಅದೇ ಅಂಗಡಿಯಲ್ಲಿ ಇಷ್ರತ ಫೋನು ಕೈಗೆ ತೆಗೆದುಕೊಂಡಳು. “ಅಯ್ಯ, ಇದನ್ನ ಯಾರ ತೋಯಿಸಿದ್ರು?”

“ಕಾದಿತ್ತಂತ ಒದ್ದಿ ಅರಬಿ ಸುತ್ತಿ ಕೊಡದ ಮ್ಯಾಲೆ ಇಟ್ಟಿದ್ವಿ,” ಎಂದಳು ಮುಮತಾಜಬಿ.

“ಜ್ವರ ಬಂದ ಕೂಸೇನವಾ ಇದು?” ಇಷ್ರತ ಒರೆಸಿದಳು. ಒಳಗೆ ಹೋಗಿ ಏನೋ ಒತ್ತಿದಳು. ಓದುವ ಹೆಣ್ಣುದನಿ ತಡೆತಡೆದು ಫೋನಿನ ಮಾಡೆಲ್ಲಿನ ಹೆಸರು, ನಂಬರು ಹೇಳಿತು. ಇಷ್ರತಳ ಬೆರಳು ನಿಂತಿತು. ಕವರು ಬಿಚ್ಚಿದ ಸಪ್ಪಳ ಕೇಳಿತು.

“ಅಕ್ಕ, ಇದು ನಾ ನಿಮಗ ಕೊಟ್ಟದ್ದಲ್ಲ.”

“ಹಂಗಂದ್ರ?”

“ಇದು ಹೋದ ವರ್ಷದ್ದು. ನಿಮ್ಮದಕ್ಕಿಂತ ಒಂದು ಪೀಳಿಗಿ ಹಿಂದಿಂದು. ಹೊರಗ ನೋಡಿದ್ರ ಅವಳಿ ಜವಳಿ, ಕಂಪನಿಯವರು ಒಳಗಿನ ಪ್ರೊಸೆಸರಷ್ಟ ಬದ್ಲಿ ಮಾಡಿ ಬಿಟ್ಟಿದ್ರು. ಅದ ಉದ್ದ, ಅದ ಗುಂಡಿ. ಯಾರಿಗೂ ಗೊತ್ತಾಗಂಗಿಲ್ಲ.”

“ನನಗ ಗೊತ್ತಾತು,” ಎಂದಳು ಕಳಕವ್ವ. “ಯಾರದು ಇದು?”

ಇಷ್ರತ ಕವರು ತಿರುಗಿ ಹಾಕತೊಡಗಿದಳು. ಹೊರಗೆ ಗಜೇಂದ್ರಗಡದ ಬಸ್ಸಿನ ಕಂಡಕ್ಟರು ಊರ ಹೆಸರು ಕೂಗುತ್ತಿದ್ದ.

“ಇಷ್ರತಾ, ನನ್ನ ಕಣ್ಣು ಹ್ವಾದದ್ದು ಸಾಕು. ನೀ ಬಾಯಿ ಕಳ್ಕೋಬ್ಯಾಡ.”

“ಚಾರ್ಜರ ತೂತು ನಾನ ಬದ್ಲಿ ಮಾಡಿ ಕೊಟ್ಟಿದ್ದೆ. ಗುರುತು ಐತಿ.” ಅವಳು ಫೋನನ್ನು ಕಳಕವ್ವನ ಕೈಗೆ ಮೆಲ್ಲನೆ ಇಟ್ಟಳು. “ಸಂಗಣ್ಣಂದು.”

ಮುಮತಾಜಬಿ ಗಲ್ಲಕ್ಕೆ ಕೈ ಹಚ್ಚಿಕೊಂಡಳು, ಬಳೆಗಳ ಸಪ್ಪಳವಾಯಿತು. “ಇರಲಿಕ್ಕಿಲ್ಲ ತಗಿ. ಮನ್ಯಾಗ ಎರಡೂ ಒಂದ ಕಡಿ ಇಟ್ಟಾಗ ಅದಲಿ ಬದಲಿ ಆಗಿರಬೇಕು.”

“ಅದಲಿ ಬದಲಿ ಆದ್ರ ನನ್ನ ಗಿರಾಕಿ ನಂಬರು, ನನ್ನ ಸಿಮ್ಮು, ನನ್ನ ಕವರು, ಎಲ್ಲಾ ಗಂಟು ಕಟ್ಕೊಂಡು ಇದರೊಳಗ ನಡಕೊಂಡ ಬಂದ್ವೇನ?” ಕಳಕವ್ವ ಎದ್ದಳು. “ಇವತ್ತ ಎಲ್ಲೆ ಅದಾನವ?”

“ನರಗುಂದದಾಗ ಟೂರ್ನಮೆಂಟು. ಮೊಬೈಲಿನ್ಯಾಗ ತೋರಸಾಕ ಹೋಗ್ಯಾನ,” ಎಂದಳು ಮುಮತಾಜಬಿ.

ಸಂಗನಬಸವನಿಗೆ ರೊಟ್ಟಿಯ ಟಂಟಂ ಆಟೋ ಓಡಿಸುವುದು ಹೊಟ್ಟೆಯ ಕೆಲಸ, ಮನಸ್ಸಿನ ಕೆಲಸ ಬೇರೆ. ಸುತ್ತಲಿನ ಊರುಗಳ ಟೆನ್ನಿಸ್ ಬಾಲ್ ಕ್ರಿಕೆಟ್ ಪಂದ್ಯಗಳನ್ನು ಫೋನಿನ ಕ್ಯಾಮೆರಾದಲ್ಲಿ ಹಿಡಿದು ಯೂಟ್ಯೂಬಿನಲ್ಲಿ ನೇರ ತೋರಿಸುತ್ತಿದ್ದ. ರೋಣ, ನರಗುಂದ, ಗಜೇಂದ್ರಗಡದ ಹುಡುಗರೆಲ್ಲ ಅವನ ಚಾನಲು ನೋಡುತ್ತಿದ್ದರು. ಕಳಕವ್ವನಿಗೂ ಅದು ಹೆಮ್ಮೆಯೇ ಆಗಿತ್ತು.

ರೋಣದಿಂದ ನರಗುಂದದ ದಾರಿಯುದ್ದಕ್ಕೂ ಅವಳು ಬಾಯಲ್ಲಿ ಪಂಚಾಕ್ಷರಿ ಹಿಡಿದು ಕೂತಳು. ಹತ್ತಲಿಲ್ಲ. ಓಂ ಎಂದರೆ ಸಂಗ, ನಮಃ ಎಂದರೆ ಸಂಗ. ತಾಯಿ ಹೊಲಕ್ಕೆ ಹೋದರೆ ಅವನನ್ನು ಸೊಂಟದ ಮೇಲೆ ಹೊತ್ತು ಓಣಿ ತಿರುಗುತ್ತಿದ್ದವಳು ಅವಳು. ಇನ್ನೂ ತೊದಲು ನುಡಿಯುತ್ತಿದ್ದ ಅವನು ಮೇಲಿನಿಂದಲೇ, “ಅಕ್ಕಾ ಕಲ್ಲು, ಅಕ್ಕಾ ತೆಗ್ಗು,” ಎನ್ನುತ್ತಿದ್ದ. ಕಾಲು ಅವಳವು, ಕಣ್ಣು ಅವನವು. ಕಂಡವರು ಮೋಸ ಮಾಡಿದ್ದರೆ ಅವಳು ಅಲ್ಲೇ ಉಗಿದು ಬಿಡುತ್ತಿದ್ದಳು. ಕತ್ತಲೆಯೆಂದರೆ ಏನೆಂದು ಮೈಗೆ ಮೈ ಹಚ್ಚಿ ತಿಳಿದವನು ಇದನ್ನು ಮಾಡಿದ್ದ. ಒಳಗಿನ ಸಿಟ್ಟಿನ ಬೆಂಕಿಗೆ ಬಸ್ಸು ಕುಲುಕಿದಷ್ಟೂ ಗಾಳಿ ಹಾಕಿದಂತಾಗುತ್ತಿತ್ತು.

“ಮಂದ್ಯಾಗ ಬಯ್ಯಬ್ಯಾಡ,” ಎಂದಳು ಮುಮತಾಜಬಿ. “ಮನಿಗೆ ಬಂದಾಗ ಕೇಳು.”

“ಮನ್ಯಾಗ ಕೇಳಿದ್ರ ಅಪ್‌ಡೇಟ್ ಅಂತಾನ.”

ನರಗುಂದದ ಗುಡ್ಡದ ಬುಡದ ಬಯಲಿನಲ್ಲಿ ಬಿಸಿಲು ನಡುನೆತ್ತಿಗೆ ಬಂದಿತ್ತು. ಲೌಡ್‌ಸ್ಪೀಕರಿನಲ್ಲಿ ಒಬ್ಬ ಉಸಿರು ಬಿಡದೆ ಆಟದ ವರದಿ ಒದರುತ್ತಿದ್ದ, ಹುಡುಗರು ಸೀಟಿ ಹೊಡೆಯುತ್ತಿದ್ದರು. ಮುಮತಾಜಬಿಯ ಭುಜ ಹಿಡಿದು ಕಳಕವ್ವ ಅಂಚಿನಲ್ಲೇ ನಡೆದಳು. ತಮ್ಮನ ಕೆಮ್ಮು ಕೇಳಿದೊಡನೆ ಭುಜ ಬಿಟ್ಟು ನೆಟ್ಟಗೆ ಅತ್ತ ಹೋದಳು.

“ಅಕ್ಕಾ? ನೀ ಇಲ್ಲೆ?”

ಅವಳು ಕೈ ಚಾಚಿದಳು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಬಿಸಿಲಿಗೆ ಸುಡುತ್ತಿತ್ತು. ಅದನ್ನೇ ಹಿಡಿದು ಮೇಲಕ್ಕೆ ಸರಿದ ಕೈಗೆ ತುದಿಯಲ್ಲಿ ಫೋನು ಸಿಕ್ಕಿತು. ಮುಂಜಾನೆಯಿಂದ ಒಂದೇ ಸಮನೆ ದುಡಿಯುತ್ತಿದ್ದ ಫೋನು. ಅದರ ಬೆನ್ನಿಗೆ ಅಂಗೈ ಇಟ್ಟಳು. ಕೂಸಿನ ಹಣೆಯಷ್ಟೇ ಬೆಚ್ಚಗಿತ್ತು.

ಅಲ್ಲಿಯವರೆಗೆ ಅವಳ ಮನಸ್ಸಿನ ಒಂದು ಮೂಲೆ ಮುಮತಾಜಬಿಯ ಮಾತನ್ನು ನಂಬಲು ಹವಣಿಸುತ್ತಿತ್ತು. ಆ ಮೂಲೆಯೂ ಈಗ ಹೊತ್ತಿಕೊಂಡಿತು.

“ಚಲೋ ಐತೇನ ತಮ್ಮಾ, ನನ್ನ ಫೋನು?”

“ಅಕ್ಕಾ, ಆಮ್ಯಾಲೆ ಮಾತಾಡೂಣು. ಫೈನಲ್ ನಡದೈತಿ.”

“ಕಾಯಂಗಿಲ್ಲಲ್ಲ ಇದು. ನಿಂದು ಬಿಸಲಾಗ ಕೈ ನಿಧಾನ ಮಾಡ್ತಿತ್ತು, ಹೌದಿಲ್ಲೋ? ಚಿತ್ರ ನಿಲ್ತಿತ್ತು, ಮಂದಿ ನಿನ್ನ ಬಯ್ತಿದ್ರು. ಅದಕ್ಕ ಅದನ್ನ ತಂದು ಕುರುಡಿ ಕೈಯಾಗ ಇಟ್ಟಿ.”

“ಹಂಗಲ್ಲಕ್ಕ.” ಅವನು ಹತ್ತಿರ ಬಂದು ಪಿಸುಗುಟ್ಟಿದ. “ನೀ ವಿಡಿಯೋ ನೋಡಂಗಿಲ್ಲ, ಆಟ ಆಡಂಗಿಲ್ಲ. ಆರ್ಡರ ಕೇಳತಿ, ಅಷ್ಟ. ಅದಕ್ಕ ಹಳೇದಾದ್ರೂ ಸಾಕಾಗತಿತ್ತು. ನನಗ ಇದು ಬೇಕಾಗಿತ್ತು, ಚಾನಲ್ ಈಗ ಬೆಳ್ಯಾಕತ್ತಿತ್ತು. ಕೇಳಿದ್ರ ನೀ ಕೊಡತಿದ್ದಿ ಅನ್ನೂದು ನನಗ ಗೊತ್ತಿತ್ತು.”

“ಮತ್ತ ಯಾಕ ಕೇಳಲಿಲ್ಲ?”

ಅವನು ಸ್ಟ್ಯಾಂಡಿನ ಕಾಲು ಸರಿಪಡಿಸತೊಡಗಿದ.

“ನಾ ಹೇಳ್ತೀನಿ. ಕೇಳಬೇಕಾದ್ರ ನನಗೂ ಒಂದು ಫೋನು ಐತಿ, ಅದು ನಂದು ಅಂತ ಅನಸಬೇಕು. ನಿನಗ ಅನಸಲಿಲ್ಲ.” ಅವಳ ದನಿ ಏರಿರಲಿಲ್ಲ. ಹದಕ್ಕೆ ಕಾದ ಹಂಚಿನಂತೆ ಹೊಗೆಯಿಲ್ಲದೆ ಇತ್ತು. “ಕಣ್ಣಿದ್ದವರ ಫೋನಿಗೆ ಒಂದ ಕೆಲಸ, ತೋರಸೂದು. ನನ್ನ ಫೋನು ತೋರಸಲೂಬೇಕು, ತೋರಿಸಿದ್ದನ್ನ ನನಗ ಹೇಳಲೂಬೇಕು. ಬೆರಳು ಸರಿಸಿದಲ್ಲೆ ಹೇಳಬೇಕು. ನಿಂದು ನಿಧಾನ ಆದ್ರ ನೀ ಚಡಪಡಸ್ತಿ. ನಂದು ನಿಧಾನ ಆದ್ರ ನನಗ ಕತ್ತಲಾಕ್ಕೈತಿ. ಎರಡನೇ ಸಲ ಕತ್ತಲಾಕ್ಕೈತಿ, ಸಂಗಾ. ಮೊದಲನೇದ್ದು ದಡಾರ ಮಾಡಿತ್ತು.”

“ಅಕ್ಕಾ, ಸಾವಕಾಶ.”

“ಮ್ಯಾಲೆ ಊರಾಗ ಹೇಳ್ಕೊಂತ ಬಂದಿ, ಅಕ್ಕಗ ಆಗವಲ್ದು, ಫೋನಿಂದು ನಾ ನೋಡ್ಕೋತೀನಿ ಅಂತ. ಕಾಲು ಮುರದಾಂವ ನೀನ, ಊರುಗೋಲು ಹಿಡ್ಕೊಂಡು ಬಂದಾಂವನೂ ನೀನ. ಗಿರಾಕಿಗಳು ನನ್ನ ಬಿಟ್ಟು ನಿನ್ನ ಕಡೆ ಬಂದ್ರ ಆಗ ಏನಂತಿದ್ದಿ? ಪಾಪ ಅಕ್ಕ ಅಂತಿದ್ದಿ.”

ಹತ್ತಿರ ನಿಂತಿದ್ದ ಒಬ್ಬ ಮೆಲ್ಲಗೆ ಹೇಳಿದ, “ಸಂಗಣ್ಣ, ಸೌಂಡು ಚಾಲೂ ಐತಿ. ಎಲ್ಲಾ ಹೊಂಟೈತಿ.”

ಗದ್ದಲದಲ್ಲಿ ಮನುಷ್ಯರ ಮಾತನ್ನಷ್ಟೇ ಹೆಕ್ಕಿ ತೆಗೆಯಲೆಂದು ಮಾಡಿದ ಆ ಹೊಸ ಒಲೆ ತನ್ನ ಕೆಲಸ ಮಾಡಿತ್ತು. ಸೀಟಿ ಹಿಂದೆ ಸರಿದು, ಲೌಡ್‌ಸ್ಪೀಕರು ಹಿಂದೆ ಸರಿದು, ಕಳಕವ್ವನ ದನಿ ಒಂದೇ ಸ್ವಚ್ಛವಾಗಿ ಮೂರೂ ಊರಿನ ಕಟ್ಟೆ ಕಟ್ಟೆಗೆ, ಚಹಾದಂಗಡಿಗೆ, ಹೊಲದ ಬದುವಿಗೆ ಹೋಗಿತ್ತು. ಸಂಗನಬಸವ ಕೈ ಮುಂದೆ ಮಾಡಿದ. ಅವಳು ಆ ಕೈಗೆ ತನ್ನ ಕೈ ಅಡ್ಡ ಇಟ್ಟಳು.

“ಇರಲಿ ಬಿಡು. ನನ್ನ ಫೋನು ಎಷ್ಟ ಚಲೋ ಕೇಳಿಸ್ಕೋತೈತಿ ಅಂತ ನಿನಗೂ ತಿಳೀಲಿ.”

“ತಗೊಂಡ ಹೋಗಿಬಿಡಕ್ಕ,” ಎಂದ ಅವನು. “ಈಗ ಬಿಚ್ಚಿ ಕೊಡ್ತೀನಿ.”

“ಮಂದಿ ನೋಡ್ತಾರಂತ ಕೊಡೂದು ಬ್ಯಾಡ. ನಿನ್ನ ಆಟ ಮುಗಸ್ಕೊ. ನನಗ ತಿಳೀದಂಗ ಒಯ್ದಿದ್ದಿ, ತಿಳಿಯೂವಂಗ ನೀನ ತಂದು ಕೈಯಾಗ ಇಡು. ಇಡಾಕ ಮನಸಿಲ್ಲಂದ್ರ ಇಟ್ಕೊ. ಆದ್ರ ಆವಾಗ ನನ್ನ ರೊಟ್ಟಿ ಹೊರೂದು ಬ್ಯಾಡ, ನನ್ನ ಅಕ್ಕಾ ಅನ್ನೂದೂ ಬ್ಯಾಡ.”

ಅವಳು ತಿರುಗಿ ಮುಮತಾಜಬಿಯ ಭುಜಕ್ಕಾಗಿ ಕೈ ಚಾಚಿದಳು.

ಆ ಸಂಜೆ ಅವನು ಮನೆಗೆ ಬರಲಿಲ್ಲ. ಮರುದಿನವೂ ಇಲ್ಲ. ನರಗುಂದದಲ್ಲಿ ಗೆಳೆಯನ ಮನೆಯಲ್ಲಿದ್ದಾನೆಂದು ಸುದ್ದಿ ಬಂತು. ರೊಟ್ಟಿಯ ಡಬ್ಬಿಗಳು ಬಸ್ಸಿನ ಮೇಲೆ ಹೋದವು, ಅರ್ಧ ಪುಡಿಯಾದವು. ಒಲೆಗಳ ಸಾಲಿನಲ್ಲಿ ಗುಸುಗುಸು ನಡೆದೇ ಇತ್ತು.

“ಒಂದು ಫೋನಿನ ಸಂಬಂಧ ಒಡಹುಟ್ಟಿದಾಂವನ್ನ ಬಿಡ್ತೀಯಾ?” ಎಂದು ಮುಮತಾಜಬಿ ಕೇಳಿದಳು. “ಸಿಟ್ಟು ಸಾಕು ಮಾಡು. ನಿನ್ನ ದೇವ್ರಾದ್ರೂ ಮೆಚ್ಚತಾನೇನ?”

“ನನ್ನ ದೇವ್ರ ಹಣಿಮ್ಯಾಲೆ ಒಂದು ಕಣ್ಣು ಇಟ್ಕೊಂಡಾನ, ಅದು ಯಾಕ ಐತಂತ ನಿನಗ ಗೊತ್ತಿಲ್ಲ.” ಕಳಕವ್ವ ಹಿಟ್ಟಿಗೆ ಕುದಿನೀರು ಹೊಯ್ದಳು. “ಸಂಗ ಕಳ್ಳ ಅಂತ ಸಿಟ್ಟಲ್ಲ ನನಗ. ಅಕ್ಕಗ ತಿಳಿಯಂಗಿಲ್ಲ ಅಂದ್ಕೊಂಡ. ನನ್ನ ಕೂಡ ಉಂಡು ಮಲಗಿದಾಂವ ಹಂಗಂದ್ಕೊಂಡ. ಅದು ಇಲ್ಲೆ ನಟ್ಟೈತಿ.”

ಮಧ್ಯಾಹ್ನ ಫೋನು ರಿಂಗಾಯಿತು. ಹಳೆಯ ಫೋನಿನ ಬಿಕ್ಕಲಿಗೆ ಅವಳು ಹೊಂದಿಕೊಂಡಿದ್ದಳು, ಹೆಸರು ಹೇಳಲೆಂದು ಕಾಯದೆ ಎತ್ತಿದಳು.

“ಕಳಕವ್ವ, ನಾನವಾ, ಖಾಜಾಸಾಬ. ಎಲ್ಲಾ ಕೇಳಿದೆ. ಮುಂದಿನ ವಾರ ಇನ್ನೊಂದು ಮದವಿ ಐತಿ, ರೊಟ್ಟಿ ನಿನ್ನವ ಆಗಬೇಕು.”

“ಸಂಗಣ್ಣನ ನಂಬರ ಹೇಳ್ಲೇನ್ರಿ?”

“ಬ್ಯಾಡವಾ. ನಿಂದ ಸಾಕು.”

“ಎತ್ತಾಕ ತಡ ಆಕ್ಕೈತಿ.”

“ಕಾಯ್ತೀನಿ ತಗಿ.”

ಹೇಳಿದ್ದನ್ನು ಮನಸ್ಸಿಗೆ ಹಾಕಿಕೊಂಡು ಅವಳು ಫೋನು ಕೆಳಗಿಟ್ಟಳು. ಖುಷಿ ಆಗಬೇಕಿತ್ತು. ಆಗಲಿಲ್ಲ. ಮೊನ್ನೆ 'ನಿನಗ್ಯಾಕ ಈ ತ್ರಾಸು' ಎಂದವನು ಇಂದು 'ಕಾಯ್ತೀನಿ' ಎನ್ನುತ್ತಿದ್ದ, ಎರಡರಲ್ಲೂ ಅವಳಿಗೆ ಮೈ ಉರಿಯಿತು. ಯಾರೂ ಕಾಯುವುದು ಬೇಕಿರಲಿಲ್ಲ. ಅವಳ ಓಟ ಅವಳಿಗೆ ಬೇಕಿತ್ತು.

ಅದರ ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಒಲೆಗೆ ವಿಭೂತಿ ಇಟ್ಟು, ಕೈಮುಗಿದು, ಬೆಂಕಿ ಹಚ್ಚಿ ಮೊದಲ ಹಿಟ್ಟು ಮಿದಿಯುತ್ತಿದ್ದಳು. ಬೇರೆ ಹೆಣ್ಣುಮಕ್ಕಳು ಇನ್ನೂ ಬಂದಿರಲಿಲ್ಲ. ಓಣಿಯ ತಿರುವಿನಲ್ಲಿ ಟಂಟಂ ಸದ್ದು ಕೇಳಿತು. ಬಾಗಿಲ ತನಕ ಬರದೆ ದೂರದಲ್ಲೇ ನಿಂತಿತು. ಚಪ್ಪಲಿ ಕಳಚಿದ ಸಪ್ಪಳ. ಬರಿಗಾಲು ಶೆಡ್ಡಿನ ಸಗಣಿ ನೆಲದ ಮೇಲೆ ಬಂದು ಅವಳೆದುರು ನಿಂತವು, ಆಮೇಲೆ ಮಡಚಿಕೊಂಡು ಕೂತವು.

ಕಳಕವ್ವ ತಲೆ ಎತ್ತಲಿಲ್ಲ. ಹಿಟ್ಟಿನ ಉಂಡೆ ಮಾಡಿದಳು, ಮರದ ಕೊಣಮಿಗೆಯ ಮೇಲಿಟ್ಟು ಬಡಿದಳು, ಅಂಚು ಸುತ್ತಿಸಿದಳು, ಹಂಚಿಗೆ ಹಾಕಿ ನೀರು ಸವರಿದಳು. ಅವಳ ಎರಡೂ ಕೈ ಹಿಟ್ಟಾಗಿದ್ದವು, ಅದನ್ನು ನೋಡಿ ಅವನು ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಕಾಯಲಿ ಎಂದು ಇನ್ನೊಂದು ರೊಟ್ಟಿ ಬಡಿದಳು. ಇನ್ನೂ ಒಂದು ಬಡಿದಳು. ಅವನು ಕದಲಲಿಲ್ಲ.

ಕೊನೆಗೆ ಬೋಗುಣಿಯ ನೀರಿನಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿ, ಸೊಂಟದಲ್ಲಿ ಸಿಕ್ಕಿಸಿದ್ದ ಅವನ ಫೋನು ತೆಗೆದು ನಡುವಿನ ನೆಲದ ಮೇಲಿಟ್ಟಳು. ಬಲಗೈ ಬಿಚ್ಚಿ ಮುಂದೆ ಹಿಡಿದಳು.

ಸಂಗನಬಸವ ಅವಳ ಫೋನನ್ನು ಮುಖ ಮೇಲಾಗಿ, ಅವಳ ಹೆಬ್ಬೆರಳು ಬರುವ ಕಡೆಗೆ ಸರಿಯಾಗಿ ತಿರುಗಿಸಿ, ಆ ಅಂಗೈಯಲ್ಲಿ ಇಟ್ಟ. ನೆಲದ ಮೇಲಿನದನ್ನು ಎತ್ತಿ ಕಿಸೆಗೆ ಹಾಕಿಕೊಂಡು, ರೊಟ್ಟಿಯ ಡಬ್ಬಿ ತೊಳೆಯಲು ಹಿತ್ತಲ ಕಡೆಗೆ ನಡೆದ.